ಮೂರು ಭಾಷೆಯಲ್ಲೂ ಹೇಳದ ಮಾತು

ಮೊದಲು ಹೋದದ್ದು ಹಸಿವು.

ತೆಲಂಗಾಣದ ನಾರಾಯಣಖೇಡದಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಗ್ಯಾಸ್ಟ್ರಿಕ್ ಇರಬೇಕೆಂದು ನನ್ನ ಅಂಗಡಿಯ ಮಾತ್ರೆಗಳನ್ನೇ ನುಂಗಿದೆ. ಹಸಿವು ಬರಲಿಲ್ಲ. ಆಮೇಲೆ ಸ್ನಾನ ತಪ್ಪತೊಡಗಿತು. ಗಿರಾಕಿಗಳ ಎದುರು ನಗುತ್ತಿದ್ದೆ. ಶಟರ್ ಎಳೆದ ಮೇಲೆ ಮಾತಾಡಲು ಯಾರೂ ಇರಲಿಲ್ಲ. ಅವ್ವ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ವಯಸ್ಸು ನಲವತ್ತು ದಾಟಿದೆ. ಮದುವೆಯಾಗಿಲ್ಲ.

ಜಹೀರಾಬಾದಿನಲ್ಲಿರುವ ಅಕ್ಕ ಮಹಾದೇವಿ ನನ್ನನ್ನು ನೋಡಿ ಹೌಹಾರಿದಳು. "ಏನಾಗೇದೋ ನಿನಗ? ಅಂಗಿ ಗೂಟಕ್ಕ ಹಾಕಿದಂಗ ಕಾಣ್ತದ." ತನ್ನ ಮನೆಯಲ್ಲೇ ಇಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಎಂಡೋಸ್ಕೋಪಿ, ಸ್ಕ್ಯಾನ್, ಥೈರಾಯ್ಡ್.

ಎಲ್ಲ ನಾರ್ಮಲ್.

ಅಕ್ಕ ಖುಷಿಪಟ್ಟಳು. ರೋಗವಿಲ್ಲದಿದ್ದರೆ ಇದೇನೆಂದು ನನಗೆ ಹೆದರಿಕೆಯಾಯಿತು. ಡಾಕ್ಟರು ಸೈಕಿಯಾಟ್ರಿಸ್ಟ್ ಬಳಿ ಹೋಗಲು ಬರೆದುಕೊಟ್ಟರು. ಅಕ್ಕನ ಮದ್ದು ಬೇರೆ ಇತ್ತು: ತಾಂಡೂರಿನಲ್ಲಿ ನನಗೊಂದು ಹೆಣ್ಣು ನೋಡಿಟ್ಟಿದ್ದಳು. "ಮನ್ಯಾಗ ಒಂದು ಜೀವ ಬಂದ್ರ ಎಲ್ಲ ಸರಿ ಆಗ್ತದ."

ಅಪಾಯಿಂಟ್‌ಮೆಂಟಿಗೆ ಕಾಯುತ್ತಿದ್ದಾಗ ಅಕ್ಕನ ಮಗಳು ಶಿಲ್ಪಾ ತನ್ನ ಟ್ಯಾಬ್ ಕೊಟ್ಟಳು. ಡಿಗ್ರಿ ಓದುವ ಹುಡುಗಿ, ಚೆಂದ ಚಿತ್ರ ಬರೆಯುತ್ತಾಳೆ.

"ಜಪಾನಿ ಕಾಮಿಕ್ಸ್ ಮಾಮಾ, ಇಂಗ್ಲಿಷ್‌ನ್ಯಾಗ ಅದ. ಬರದಾಕಿ ತನ್ನ ಕಥಿನೇ ಬರದಾಳ. ಬಲಗಡಿಂದ ಓದ್ರಿ."

"ಉರ್ದು ಪೇಪರಿನಂಗ?"

"ಹ್ಞೂಂ, ಹಂಗೇ."

ಮಕ್ಕಳ ಪುಸ್ತಕವೆಂದುಕೊಂಡಿದ್ದೆ. ಅಲ್ಲ. ಒಬ್ಬ ಹೆಂಗಸು ತನ್ನನ್ನೇ ಬರೆದುಕೊಂಡಿದ್ದಳು. ತೆರೆದ ಫ್ರಿಜ್ಜಿನ ಎದುರು ನಿಂತಿದ್ದಾಳೆ, ಏನು ತಿನ್ನಬೇಕೋ ತಿಳಿಯುತ್ತಿಲ್ಲ. ಪುಟ ತಿರುವಿದರೂ ಹಾಗೇ ನಿಂತಿದ್ದಾಳೆ. ಕೆಲಸ ಬಿಡುತ್ತಾಳೆ. ಡಾಕ್ಟರ ಬಳಿ ಹೋಗಿ, ಚೆನ್ನಾಗಿದ್ದೇನೆಂದು ಸುಳ್ಳು ಹೇಳಿ ಬರುತ್ತಾಳೆ. ಆಮೇಲೊಂದು ಪುಟ, ಹೆಚ್ಚುಕಡಿಮೆ ಖಾಲಿ; ಕೆಳಗಿನ ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಸಣ್ಣ ಆಕೆ. "ನನಗೆ ಹೆಂಗಸರೇ ಇಷ್ಟ, ಇದನ್ನು ಯಾರಿಗೆ ಹೇಳಲಿ?" ಎನ್ನುತ್ತಾಳೆ.

ಮಟಮಟ ಮಧ್ಯಾಹ್ನ, ಅಕ್ಕನ ಪಡಸಾಲೆಯಲ್ಲಿ ಕೂತು ಅತ್ತುಬಿಟ್ಟೆ.

ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ನಿತ್ಯ ಹೇಳುವವನು ನಾನು. ನನಗೆ ಗಂಡಸರೇ ಇಷ್ಟವೆಂಬ ಮಾತನ್ನು ಒಂದರಲ್ಲೂ ಹೇಳಿರಲಿಲ್ಲ.

ಸೈಕಿಯಾಟ್ರಿಸ್ಟ್ ಬೀದರ್ ಕಡೆಯ ಹೆಣ್ಣುಮಗಳು. ಏನು ತೊಂದರೆ ಎಂದು ಕೇಳಿದರು. ಜೊತೆಗೆ ಒಯ್ದಿದ್ದ ಶಿಲ್ಪಾಳ ಟ್ಯಾಬಿನಲ್ಲಿ ಆ ಖಾಲಿ ಪುಟ ತೆರೆದು ಮುಂದಿಟ್ಟೆ. "ಈಕಿ ಹೆಂಗಸರ ಬಗ್ಗೆ ಹೇಳ್ಯಾಳ್ರಿ. ನನಗ ಗಂಡಸರ ಬಗ್ಗೆ ಹಂಗ ಅನಸ್ತದ."

ಅವರು ಪುಟವನ್ನು ಸಾವಕಾಶವಾಗಿ ನೋಡಿದರು. "ಅದು ರೋಗ ಅಲ್ರಿ. ಅದಕ್ಕ ಔಷಧಿ ಬೇಕಾಗಿಲ್ಲ. ನಿಮಗ ಡಿಪ್ರೆಶನ್ ಅದ, ಅದಕ್ಕ ಕೊಡ್ತೀನಿ."

ಎಷ್ಟೋ ಮಂದಿಗೆ ನಾನೇ ಮಾರಿದ್ದ ಮಾತ್ರೆ. ಈಗ ನಾನೇ ನುಂಗಿದೆ.

ಅಕ್ಕನಿಗೆ ಅಡುಗೆಮನೆಯಲ್ಲಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿದ್ದದ್ದು ಸೀದುಹೋಯಿತು.

"ಅವ್ವಗ ಗೊತ್ತಿತ್ತೇನು?"

"ಇಲ್ಲ."

"ನನಗೇ ಮೊದಲು ಹೇಳಿದಿ?"

"ಹ್ಞೂಂ."

ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. "ನನಗಿದು ತಿಳಿಯಂಗಿಲ್ಲೋ ತಮ್ಮಾ," ಎಂದಳು ಕೊನೆಗೆ. "ತಾಂಡೂರಿನವ್ರಿಗಿ ಬ್ಯಾಡಂತ ಹೇಳ್ತೀನಿ. ನಿನ್ನ ಭಾವಗ ಮಾತ್ರ ಈಗೇ ಹೇಳಬ್ಯಾಡ."

ನಾರಾಯಣಖೇಡಕ್ಕೆ ಮರಳಿದ್ದೇನೆ. ಮಾತ್ರೆ ನಡೆದಿದೆ, ತಿಂಗಳಿಗೊಮ್ಮೆ ಫಾಲೋಅಪ್. ಕೆಲವು ದಿನ ಮೈ ಹಗುರ. ಕೆಲವು ದಿನ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸ. ಮನೆ ಈಗಲೂ ಖಾಲಿ. ಅದಕ್ಕೆ ಯಾವ ಡಾಕ್ಟರೂ ಏನೂ ಬರೆದುಕೊಡಲಾರರು. ಜಪಾನಿನ ಆ ಹೆಂಗಸೂ ಪುಸ್ತಕದ ಕೊನೆಗೆ ಪೂರ್ತಿ ಗುಣವಾಗಿರಲಿಲ್ಲ.

ಮೊನ್ನೆ ಭಾನುವಾರ ಅಕ್ಕ ಫೋನ್ ಮಾಡಿದಳು. ಮಳೆ, ಶಿಲ್ಪಾಳ ಪರೀಕ್ಷೆ, ಏನೇನೋ ಮಾತಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಯಾವಾಗರ, ಯಾರರ ಇದ್ದರೇನೋ ನಿನಗ?"

"ಇದ್ದ. ಕಾಲೇಜಿನಾಗ. ಮದುವಿ ಮಾಡ್ಕೊಂಡು ಹೋಗ್ಯಾನ."

"ಹೆಸರೇನು?"

ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಿಂದ ಬಂತು.

"ಚಲೋ ಹೆಸರದ," ಎಂದಳು ಅಕ್ಕ.