ತೊರಗಲ್ಲಿನ ಕಟ್ಟೆಯ ಮೇಲೆ ಕುಳಿತವನು

ಪವಾಡದ ಮಾತು ಶುರುವಾದರೆ ಪಂಕ್ತಿಯಿಂದಲೂ ಎದ್ದು ಹೋಗುವವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುವಾಗ ನಿಮಗೆ ನನ್ನ ಮೇಲೆ ಸಂಶಯ ಬರುತ್ತದೆ. ಬರಲಿ, ನನಗೇ ಬಂದಿದೆ. ನಮ್ಮ ಭಾಗದಲ್ಲಿ ಯಾವ ಮಠದ ಕಟ್ಟೆಯ ಮೇಲೆ ಕುಳಿತರೂ, ಹಿಂದಿನ ಸ್ವಾಮಿಗಳೊಬ್ಬರು ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಂಡ ಕಥೆ ಕೇಳಬೇಕಾಗುತ್ತದೆ. ಇಲ್ಲಿ ಪೂಜೆಗೆ ಕುಳಿತಿದ್ದರಂತೆ, ಅಲ್ಲಿ ಸಂತೆಯಲ್ಲಿ ಭಕ್ತನ ಹೆಗಲ ಮೇಲೆ ಕೈಯಿಟ್ಟರಂತೆ. ಪ್ರವಚನಕ್ಕೆ ನಿಂತಾಗ ನಾನು ಈ ಕಥೆಗಳನ್ನು ಚೆನ್ನಾಗಿ ಝಾಡಿಸುತ್ತಿದ್ದೆ. “ಎರಡು ಕಡೆ ಇರೂದು ದೊಡ್ಡಸ್ತಿಕಿ ಅಲ್ಲರಿ, ಇದ್ದ ಕಡೆ ಪೂರಾ ಇರ್ರಿ, ಸಾಕು” ಅನ್ನುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ನನಗೆ ಬಹಳ ಸೇರುತ್ತಿತ್ತು.

ಆಗ ನನಗೆ ಇಪ್ಪತ್ತಾರು ವರ್ಷ. ಬೈಲಹೊಂಗಲದ ಹತ್ತಿರದ ಒಂದು ಮಠದಲ್ಲಿ ಸಾಧಕನಾಗಿದ್ದೆ. ಧರ್ಮಪ್ರಚಾರಕರನ್ನು ತಯಾರು ಮಾಡುವುದು ಆ ಮಠದ ಕೆಲಸ. ಹೊಲ ಮನೆ ಬಿಟ್ಟು ಬಂದ ತರುಣರಿಗೆ ವಚನ ಕಲಿಸಿ, ಮಾತು ಕಲಿಸಿ, ಅದಕ್ಕಿಂತ ಮೊದಲು ಜೋಳಿಗೆ ಹೊತ್ತು ಮನೆ ಮನೆಗೆ ಭಿಕ್ಷೆಗೆ ಹೋಗುವುದನ್ನು ಕಲಿಸಿ, ಐದಾರು ವರ್ಷದ ಮೇಲೆ ಎಲ್ಲಿ ಜನ ಕರೆಯುತ್ತಾರೋ ಅಲ್ಲಿಗೆ ಕಳಿಸುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ಕಡಲಾಚೆಯಿಂದ ಕರೆ ಬಂದಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಕಡೆಯ ಕುಟುಂಬಗಳು ಮಕ್ಕಳಿಗೆ ವಚನ ಕಲಿಸಲು ಇಬ್ಬರನ್ನು ಕೇಳಿದ್ದವು. ಆರಿಸಿದ ಇಬ್ಬರೂ ನನ್ನ ಗೆಳೆಯರು. ಒಬ್ಬ ಕಿತ್ತೂರಿನ ಶಿವಾನಂದ. ಇನ್ನೊಬ್ಬ ರಾಮದುರ್ಗದ ಹತ್ತಿರದ ತೊರಗಲ್ಲಿನ ಗುರುಸಿದ್ಧ, ಆರು ವರ್ಷ ನನ್ನ ಪಕ್ಕದ ಚಾಪೆಯಲ್ಲಿ ಮಲಗಿದವನು. ನನ್ನನ್ನು ಆರಿಸಲಿಲ್ಲವೆಂದು ಹೊಟ್ಟೆಯುರಿಯಿತೇ? ಎರಡು ದಿನ ಉರಿಯಿತು. ಮೂರನೆಯ ದಿನದಿಂದ ಕಂಡಕಂಡವರಿಗೆಲ್ಲ “ನಮ್ಮ ಗುರುಸಿದ್ಧ ಹೊಂಟಾನ” ಎಂದು ಹೇಳಿಕೊಂಡು ತಿರುಗಿದೆ.

ಇಬ್ಬರೂ ಹೊರಡುವ ವಾರವೇ ಐದು ಜನ ಹೊಸಬರು ಬರುವವರಿದ್ದರು. ಹೊಸಬರನ್ನು ಬರಮಾಡಿಕೊಳ್ಳುವುದು, ಹೋಗುವವರನ್ನು ಬೀಳ್ಕೊಡುವುದು, ಎರಡನ್ನೂ ಅಜ್ಜಾರು ನನಗೆ ವಹಿಸಿದರು. ಅಜ್ಜಾರು ಎಂದರೆ ನಮ್ಮ ಮಠದ ಹಿರಿಯ ಸ್ವಾಮಿಗಳು. ಆ ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ ಎಂದರೆ ಸುಳ್ಳಲ್ಲ.

ಹೋಗುವವರಿಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ದೂರ ದೇಶಕ್ಕೆ ಹೊರಟ ಸಾಧಕ, ಹೊರಡುವ ಮುನ್ನ ಹೆತ್ತ ತಾಯಿಯ ಬಾಗಿಲಲ್ಲಿ ನಿಂತು ಆಕೆಯ ಕೈಯಿಂದ ಜೋಳಿಗೆಗೆ ಒಂದು ರೊಟ್ಟಿಯಾದರೂ ಹಾಕಿಸಿಕೊಳ್ಳಬೇಕು. ತಾಯಿ ತೀರಿಹೋಗಿದ್ದರೆ ಊರಿನ ಯಾವ ಹಿರಿಯಳ ಕೈಯಾದರೂ ಆದೀತು. ತಾಯಿ ಬದುಕಿದ್ದರೆ ಮಾತ್ರ ಬೇರೆ ಕೈ ನಡೆಯುವುದಿಲ್ಲ. ಆ ರೊಟ್ಟಿ ಬೀಳದೆ ಹೊರಡುವಂತಿಲ್ಲ.

ಗುರುಸಿದ್ಧನ ತಾಯಿ ನೀಲವ್ವ ಬದುಕಿದ್ದಳು, ಗಟ್ಟಿಮುಟ್ಟಾಗಿದ್ದಳು, ಮಗನ ಮೇಲೆ ಆರು ವರ್ಷದ ಸಿಟ್ಟನ್ನೂ ಗಟ್ಟಿಯಾಗಿಯೇ ಇಟ್ಟುಕೊಂಡಿದ್ದಳು. ಕನ್ಯೆ ನೋಡಿ ಬಂದ ವಾರವೇ ಅವನು ಒಂದು ಮಾತೂ ಹೇಳದೆ ಮಠಕ್ಕೆ ಬಂದುಬಿಟ್ಟಿದ್ದ. “ಹೇಳಿ ಹೋಗಿದ್ರ ನಾನ ಬುತ್ತಿ ಕಟ್ಟಿ ಕಳಸ್ತಿದ್ದೆ” ಎಂದು ಆಕೆ ಊರೆಲ್ಲ ಆಡಿಕೊಂಡಳಂತೆ. ಅವನು ಎರಡು ಸಲ ಭಿಕ್ಷೆಗೆ ಹೋದಾಗ ಎರಡು ಸಲವೂ ಬಾಗಿಲು ಹಾಕಿದ್ದಳು. ಮಠದ ನಂಬರು ಕಂಡರೆ ಫೋನನ್ನೂ ಎತ್ತುತ್ತಿರಲಿಲ್ಲ.

ಗುರುಸಿದ್ಧ ನನ್ನ ಕೈ ಹಿಡಿದು ಕೇಳಿದ. “ನಾ ಹೋಗೂಕಿಂತ ಮದಲ ನೀ ಒಬ್ಬನ ಹೋಗಿ ಅವ್ವನ ಮುಂದ ಕುಂತು ಒಂದ ಮಾತ ಹೇಳಿ ಬಾ. ನಿನ್ನ ನಾಲಿಗಿ ಮ್ಯಾಲ ನನಗ ಭರೋಸ ಐತಿ.” ನಾನು ಮಂಗಳವಾರ ಹೋಗುತ್ತೇನೆಂದು ಮಾತು ಕೊಟ್ಟೆ. ಏನು ಹೇಳಬೇಕೆಂದು ಅಂಗಳ ಗುಡಿಸುತ್ತ ಮನಸ್ಸಿನಲ್ಲೇ ಜೋಡಿಸಿಟ್ಟೆ. “ಮಗನ್ನ ಬಿಟ್ಟುಕೊಡ ಅಂತ ಕೇಳಾಕ ಬಂದಿಲ್ಲವ್ವಾ. ಅಂವ ಎಲ್ಲಿ ಹ್ವಾದ್ರೂ ನಿನ್ನ ಕೈ ರೊಟ್ಟಿ ರುಚಿ ಒಯ್ಯಲಿ ಅಂತ ಕೇಳಾಕ ಬಂದೇನಿ.” ಈ ಮಾತು ಹೊಳೆದಾಗ ನನಗೆ ನನ್ನ ಮೇಲೇ ಅಭಿಮಾನ ಬಂತು. ಯಾರಿಗೂ ಹೇಳಲಿಲ್ಲ. ಆಕೆಯ ಮುಂದೆ ಬಿಸಿಬಿಸಿಯಾಗಿಯೇ ಆಡಬೇಕೆಂದು ಉಳಿಸಿಕೊಂಡೆ.

ಮಂಗಳವಾರ ಬೆಳಿಗ್ಗೆ ಬೈಲಹೊಂಗಲ ಬಸ್‌ಸ್ಟ್ಯಾಂಡಿಗೆ ಬಂದು ರಾಮದುರ್ಗದ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಎದುರಿನ ಬಸ್ಸಿನಿಂದ ಟ್ರಂಕು ಹೊತ್ತ ಐದು ಜನ ಇಳಿದರು. ಬುಧವಾರ ಬರಬೇಕಾದ ಹೊಸಬರು ಒಂದು ದಿನ ಮೊದಲೇ ಬಂದುಬಿಟ್ಟಿದ್ದರು! ಗಡಿಬಿಡಿಯಲ್ಲಿ ಅವರ ಕಡೆ ಓಡುವಾಗ ಬಲಗಾಲಿನ ಹೆಬ್ಬೆಟ್ಟು ಕಲ್ಲಿಗೆ ಬಡಿದು ಉಗುರು ಕಿತ್ತು ರಕ್ತ ಬಂತು. ಚಚಡಿಯಿಂದ ಬಂದ ಹೊಸಬನೊಬ್ಬ ತನ್ನ ಹಸಿರು ಟಾವೆಲ್ಲಿನ ಅಂಚು ಹರಿದು ಕಟ್ಟಿದ. ಎಲ್ಲರೂ ಸೇರಿ ನನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡೆವು. ನಾನು ಅವರನ್ನು ಮಠಕ್ಕೆ ಕರೆತಂದೆ. ಕಾಲು ತೊಳೆದು, ಬೆಲ್ಲ ನೀರು ಕೊಟ್ಟು, ಒಬ್ಬೊಬ್ಬರ ಹೆಗಲಿಗೂ ಜೋಳಿಗೆ ಹಾಕಿದೆ. ಬಾಗಿಲ ಮುಂದೆ ಹೇಗೆ ನಿಲ್ಲಬೇಕೆಂದು ಹೇಳಿಕೊಟ್ಟೆ. ಕೈಗಂಟೆ ಒಂದೇ ಸಲ ಬಾರಿಸಬೇಕು. ಮನಸ್ಸಿನಲ್ಲಿ ಒಂದು ವಚನ ಹೇಳಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು. ಬಾಗಿಲು ತೆರೆಯದಿದ್ದರೆ ಬೇಸರವಿಲ್ಲದೆ ಮುಂದಿನ ಮನೆ. ಐದೂ ಜನ ಬಾಯಿ ತೆರೆದು ಕೇಳಿದರು. ನನ್ನ ಮಾತಿಗೆ ನಾನೇ ಮರುಳಾದೆ. ತಲೆಯೆತ್ತಿ ನೋಡಿದರೆ ಹೊತ್ತು ಇಳಿದಿತ್ತು, ತೊರಗಲ್ಲಿಗೆ ಹೋಗುವ ಮಾತೇ ಉಳಿದಿರಲಿಲ್ಲ.

ಬುಧವಾರ ಕಿತ್ತೂರಿನಲ್ಲಿ ಶಿವಾನಂದನ ಬೀಳ್ಕೊಡುಗೆ. ಅವನ ತಾಯಿ ರೊಟ್ಟಿ ಹಾಕಿದ್ದಲ್ಲ, ಜೋಳಿಗೆಯನ್ನೇ ತುಂಬಿಸಿದಳು. ಓಣಿಗೆ ಓಣಿಯೇ ನಿಂತಿತ್ತು. ಅಂಥ ಸಂಭ್ರಮದ ನಡುವೆ, ನಾನು ಹೂವಿನ ಮಾಲೆ ಬಿಡಿಸುತ್ತಿದ್ದಾಗ ಗುರುಸಿದ್ಧ ಹತ್ತಿರ ಬಂದು ಮೆಲ್ಲಗೆ ಕೇಳಿದ.

“ತೊರಗಲ್ಲಿಗೆ ಹೋಗಿದ್ದೇನ?”

“ಹೂಂ” ಅಂದೆ.

“ಏನಂದಳು?”

“ಬಾ ಅಂದಾಳ.”

ಅವನ ಮುಖ ಅರಳಿದ್ದನ್ನು ನೋಡಿದ ಮೇಲೆ ಮಾತನ್ನು ತಿರುಗಿ ನುಂಗುವ ಧೈರ್ಯ ನನಗಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗುರುವಾರ ಗುರುಸಿದ್ಧನೂ ನಾನೂ ಸವದತ್ತಿಯ ಭಕ್ತರೊಬ್ಬರ ಜೀಪಿನಲ್ಲಿ ತೊರಗಲ್ಲಿಗೆ ಹೊರಟೆವು. ಸವದತ್ತಿಯಲ್ಲಿ ಹಾರ ಹಾಕಿದರು, ಮುನವಳ್ಳಿಯಲ್ಲಿ ಶಾಲು ಹೊದಿಸಿದರು. ಮುನವಳ್ಳಿಯಲ್ಲಿ ಚಹಾ ಕುಡಿಯುವಾಗ ನಿಜ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಯಾರೋ ಬಂದು ಅವನ ಕಾಲಿಗೆ ಬಿದ್ದರು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಊರ ಜನರ ಮುಂದೆ ಆಕೆ ಮೂರನೆಯ ಸಲ ಬಾಗಿಲು ಹಾಕುತ್ತಾಳೆ. ಇವನು ಹೋಗುವುದಿಲ್ಲ, ಆರು ವರ್ಷದ ತಪಸ್ಸು ಹೊಸ್ತಿಲಲ್ಲಿ ನಿಲ್ಲುತ್ತದೆ. ಅದಕ್ಕೆ ಕಾರಣ ನಾನು. ಅಷ್ಟು ಹೆದರಿದ್ದು ಜೀವಮಾನದಲ್ಲಿ ಇನ್ನೊಮ್ಮೆ ಇಲ್ಲ.

ತೊರಗಲ್ಲಿನ ಕೋಟೆ ಕಂಡಿತು. ಓಣಿಯ ತುದಿಯಲ್ಲಿ ಜೀಪು ನಿಂತಿತು. ಬಿಸಿಲು ಚುರುಗುಟ್ಟುತ್ತಿತ್ತು. ಗುರುಸಿದ್ಧ ಹೆಗಲ ಮೇಲಿನ ಶಾಲು ತೆಗೆದಿಟ್ಟು, ಬರಿಗಾಲಲ್ಲಿ ನಡೆದು, ಮನೆಯ ಮುಂದೆ ನಿಂತು ಗಂಟೆ ಬಾರಿಸಿದ. ನಾನು ಕಣ್ಣು ಮುಚ್ಚಿ ವಚನ ಶುರು ಮಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬಳೆ ಸದ್ದಾಯಿತು.

ಕಣ್ಣು ಬಿಟ್ಟೆ. ಬಾಗಿಲು ತೆರೆದೇ ಇತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ನೀಲವ್ವ ಇಳಕಲ್ ಸೀರೆಯುಟ್ಟು, ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಆಕೆ ಮಗನನ್ನು ನೋಡುವ ಮೊದಲು, ಅವನ ಹಿಂದೆ ನಿಂತ ನನ್ನ ಕಾಲು ನೋಡಿದಳು.

“ಕಾಲ ಹೆಬ್ಬೆಟ್ಟ ಮಾದೈತೇನ ತಮ್ಮಾ? ಮೊನ್ನಿ ಹಸರ ಚಿಂದಿ ಕಟ್ಟಿದ್ದೆಲ್ಲ.”

ನನ್ನ ಕಾಲಿಗೆ ಆಗ ಯಾವ ಚಿಂದಿಯೂ ಇರಲಿಲ್ಲ. ಬುಧವಾರವೇ ತೆಗೆದಿದ್ದೆ.

ನೀಲವ್ವ ಮಗನ ಜೋಳಿಗೆಗೆ ಒಂದಲ್ಲ, ಬುಟ್ಟಿಯ ರೊಟ್ಟಿಯನ್ನೆಲ್ಲ ಸುರಿದಳು. ಅವನು ಕಾವಿಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡ. ಆಕೆ ಒರೆಸಿಕೊಳ್ಳಲಿಲ್ಲ. ಓಣಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು. “ಬರ್ರೆವ್ವಾ, ನೋಡ ಬರ್ರಿ! ನನ್ನ ಮಗಾ ಕಡಲ ದಾಟಿ ಹೊಂಟಾನ. ಈ ಸಲ ಹೇಳಿ ಹೊಂಟಾನ!” ಆ ದನಿಯಲ್ಲಿ ಎಂಥ ಹೆಮ್ಮೆಯಿತ್ತೆಂದರೆ, ಓಣಿಯ ಹೆಂಗಸರು ಮಾಡಿದ್ದ ರೊಟ್ಟಿ ಹಿಡಿದು ಓಡಿಬಂದರು. ನನ್ನ ಹೆದರಿಕೆ ಎಲ್ಲಿ ಹೋಯಿತೋ, ಎದೆ ತುಂಬಿ ನಾನೂ ಅತ್ತೆ.

ಆಮೇಲೆ ಆಕೆ ನೆರೆದವರಿಗೆ ನನ್ನನ್ನು ತೋರಿಸಿ ಹೇಳಿದಳು. “ಈ ತಮ್ಮ ಮಂಗಳಾರ ಬಂದು ಈ ಕಟ್ಟಿ ಮ್ಯಾಲ ಕುಂತಿದ್ದ. ಮಗನ್ನ ಬಿಟ್ಟುಕೊಡ ಅಂತ ಕೇಳಾಕ ಬಂದಿಲ್ಲವ್ವಾ ಅಂದ. ಅಂವ ಎಲ್ಲಿ ಹ್ವಾದ್ರೂ ನಿನ್ನ ಕೈ ರೊಟ್ಟಿ ರುಚಿ ಒಯ್ಯಲಿ ಅಂತ ಕೇಳಾಕ ಬಂದೇನಿ ಅಂದ. ಅಷ್ಟಕ್ಕ ನನ್ನ ಸಿಟ್ಟ ಇಳೀತ ನೋಡ್ರಿ.” ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಒಳಗಿನಿಂದ ಹಿರಿಯ ಸೊಸೆ ದನಿಗೂಡಿಸಿದಳು. “ಹೌದ್ರಿ, ನಾನ ನೀರ ಕೊಟ್ಟೇನಿ. ತಂಬಗಿ ಎತ್ತಿ ಕುಡದ್ರು. ಹನ್ನೊಂದ ಹೊಡದಿತ್ತ.”

ಜೀಪಿಗೆ ಬಂದು ಮೊಬೈಲು ತೆಗೆದೆ. ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಫೋಟೊ ಇತ್ತು. ಐದು ಹೊಸಬರು, ನಡುವೆ ನಾನು, ಕಾಲಿಗೆ ಹಸಿರು ಚಿಂದಿ. ಮಂಗಳವಾರ, ಹತ್ತು ಐವತ್ತು. ಅಲ್ಲಿಂದ ತೊರಗಲ್ಲಿಗೆ ಬಸ್ಸು ಬದಲಿಸಿ ಎರಡು ತಾಸಿನ ಮೇಲೆ ಬೇಕು.

ಮಠಕ್ಕೆ ಬಂದವನೇ ಎಲ್ಲರನ್ನೂ ವಿಚಾರಿಸಿದೆ. ಆ ದಿನ ಯಾರೂ ಮಠ ಬಿಟ್ಟು ಹೋಗಿರಲಿಲ್ಲ. ನನ್ನ ಹಾಗೆ ಕಾಣುವವರು ಯಾರಾದರೂ ಇದ್ದಾರು ಎಂದುಕೊಳ್ಳೋಣ. ಆದರೆ ಅವನ ಹೆಬ್ಬೆಟ್ಟಿಗೂ ಅದೇ ದಿನ ಹಸಿರು ಚಿಂದಿಯೇ? ಅದೂ ಇರಲಿ, ನನ್ನ ತಲೆಯೊಳಗಿನ ಮಾತು ಅವನ ಬಾಯಿಗೆ ಹೋದದ್ದು ಹೇಗೆ? ಕೊನೆಗೆ ಅಜ್ಜಾರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಸುಳ್ಳ ಹೇಳಿದಾಂವ ನೀನು. ಅದನ್ನ ಖರೆ ಮಾಡಿದಾಂವ ಯಾರೋ. ಸುಳ್ಳ ಮಾತ್ರ ನಿಂದು, ಅದನ್ನ ಮರೀಬ್ಯಾಡ” ಅಂದರು. ನನ್ನ ಸಂಕಟವೇ ಅದು. ದೊಡ್ಡವರ ಕಥೆಗಳಲ್ಲಿ ಪವಾಡ ನಡೆಯುವುದು ಪುಣ್ಯವಂತರಿಗೆ. ನಾನು ಮಾತು ತಪ್ಪಿದವನು. ಇದ್ದ ಕಡೆ ಪೂರಾ ಇರಿ ಎಂದು ಊರಿಗೆಲ್ಲ ಹೇಳಿದವನು, ಇರಬೇಕಾದ ಕಡೆ ಇರಲೇ ಇಲ್ಲ.

ಶನಿವಾರ ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಗುರುಸಿದ್ಧನಿಗೂ ಹೇಳಿದೆ. ಅವನು ನಕ್ಕು, “ಉಪಕಾರ ಮಾಡಿ ಇಲ್ಲ ಅನ್ನೂದು ನಿನ್ನಿಂದ ಕಲೀಬೇಕ” ಎಂದು ತಬ್ಬಿಕೊಂಡು ಒಳಗೆ ಹೋದ. ಅಲ್ಲಿ ಈಗ ಅವನ ಮಾತು ಕೇಳಲು ಸಭಾಂಗಣ ತುಂಬುತ್ತದೆಯಂತೆ. ಗೆಳೆತನದ ಪ್ರಸ್ತಾಪ ಬಂದಾಗಲೆಲ್ಲ, ಒಡೆದ ಹೆಬ್ಬೆಟ್ಟಿನಲ್ಲಿ ತನ್ನ ತಾಯಿಯ ಬಾಗಿಲಿಗೆ ನಡೆದ ಗೆಳೆಯನ ಕಥೆ ಹೇಳುತ್ತಾನೆ. ಜನ ಚಪ್ಪಾಳೆ ತಟ್ಟುವ ವಿಡಿಯೊ ನನಗೆ ಕಳಿಸುತ್ತಾನೆ. ಅವನನ್ನು ನೋಡಿ ಎದೆ ಉಬ್ಬುತ್ತದೆ. ಆ ಚಪ್ಪಾಳೆಗೆ ಮಾತ್ರ ತಲೆ ತಗ್ಗಿಸುತ್ತೇನೆ.

ಎರಡು ವರ್ಷ ನೀಲವ್ವನ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಮೂರನೆಯ ವರ್ಷ ಒಂದು ಮಂಗಳವಾರ ಬೇಕೆಂದೇ ಬಸ್ಸು ಹತ್ತಿದೆ. ಅದೇ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ನಾನು ಅವತ್ತು ಬಂದಿರಲಿಲ್ಲ, ಬಂದೆನೆಂದು ನಿನ್ನ ಮಗನಿಗೆ ಸುಳ್ಳು ಹೇಳಿದೆ ಎಂದೆ. ಆಕೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

“ಹಂಗಾರ ಬಂದಾಂವ ಯಾರು?”

“ಗೊತ್ತಿಲ್ಲವ್ವಾ.”

ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ತಾಟಿನಲ್ಲಿ ಬಿಸಿ ರೊಟ್ಟಿ, ಪಲ್ಯ, ಮೊಸರು ಹಾಕಿ ತಂದು ನನ್ನ ಮುಂದಿಟ್ಟಳು.

“ಯಾಂವರೆ ಇರ್ಲಿ. ಉಂಡ ಹೋಗಪಾ ಅಂದ್ರ ಅವತ್ತ ಉಣ್ಣಲಿಲ್ಲ ಅಂವ. ಈಗ ಒಲ್ಲೆವ್ವಾ, ಇನ್ನೊಮ್ಮಿ ಬಂದ ಉಣ್ತೇನಿ ಅಂದಿದ್ದ. ದಾರಿ ನೋಡಾಕ ಹತ್ತಿ ಮೂರ ವರ್ಷಾತು. ಕೈ ತೊಳ್ಕೊ.”

ಈಗ ಪ್ರತಿ ವರ್ಷ ಹೊಸಬರು ಬಂದಾಗ ಅವರನ್ನು ಮೊದಲ ಭಿಕ್ಷೆಗೆ ಆ ಬಾಗಿಲಿಗೇ ಕರೆದುಕೊಂಡು ಹೋಗುತ್ತೇನೆ. ಅಂದು ಮಾತ್ರ ಎದ್ದು ಕೈ ತೊಳೆದು ಬಂದು, ಯಾರೋ ಕೊಟ್ಟ ಮಾತಿಗೆ ನಾನು ಉಂಡೆ.