ಗಾಳಿ ಮಿಸ್‌ಗೆ ಕೇಳಿಸದ ಮಾತು

ಒಂದನೇ ತರಗತಿಗೆ ಹಿಂದಿ ಅಕ್ಷರ ಕಲಿಸುತ್ತಿದ್ದ ಆಕೆಯನ್ನು ಮಕ್ಕಳು ಗಾಳಿ ಮಿಸ್ ಎನ್ನುತ್ತಿದ್ದರು. ‘ಕ’ವನ್ನೂ ‘ಖ’ವನ್ನೂ ಒಂದೇ ಥರ ನುಡಿಯುವ ಮಕ್ಕಳ ಬಾಯಿ ಮುಂದೆ ಆಕೆ ಕಾಗದದ ಚೂರು ಹಿಡಿಯುತ್ತಿದ್ದರು. ಉಸಿರಿನ ಗಾಳಿಗೆ ಅದು ಅಲುಗಾಡಿದರೆ ‘ಖಾನಾ’, ಅಂದರೆ ಊಟ. ಅಲುಗಾಡದಿದ್ದರೆ ‘ಕಾನಾ’, ಒಕ್ಕಣ್ಣ. ಒಳ್ಳೆಯ ಉಪಾಯ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ವ್ಯತ್ಯಾಸ ಈಗ ಆಕೆಯ ಕಿವಿಗೇ ತಿಳಿಯುತ್ತಿಲ್ಲ ಎಂಬುದು ಮನೆಯಲ್ಲಿ ಅಕ್ಕನಿಗೆ ಮಾತ್ರ ಗೊತ್ತಿತ್ತು. ಶಾಲೆಗೆ ಹೇಳಿಬಿಡು ಎಂದು ಅಕ್ಕ ದುಂಬಾಲು ಬಿದ್ದಿದ್ದಳು. ಹೇಳಿದರೆ ಕೆಲಸಕ್ಕೇ ಕುತ್ತು ಎಂದು ಹೆದರಿ ಆಕೆ ದಿನ ತಳ್ಳುತ್ತಿದ್ದರು.

ಒಂದು ದಿನ ಹಲಗೆಯ ಮೇಲೆ ಬರೆದು ತಿರುಗಿದರೆ ತರಗತಿ ನಗುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯ ಲಂಗ ಒದ್ದೆಯಾಗಿತ್ತು. ಹೊರಗೆ ಹೋಗಬೇಕೆಂದು ಅವಳು ಮತ್ತೆ ಮತ್ತೆ ಕೇಳಿದ್ದಳಂತೆ.

ಮರುದಿನ ಅವಳ ದಪ್ಪ ಮೀಸೆಯ ಅಪ್ಪ ಬಂದು, ಬೇಕೆಂದೇ ಮಗಳ ಮಾನ ಕಳೆದಿದ್ದಾರೆ ಎಂದು ದೂರಿದ. ಕಣ್ಣಾರೆ ನೋಡೋಣ ಎಂದು ಹೆಡ್‌ಮಿಸ್ ಆತನನ್ನೂ ಕರೆದುಕೊಂಡು ಬಂದು ತರಗತಿಯ ಹಿಂದೆ ನಿಂತರು. ಪಾಠದ ಪ್ರಶ್ನೆಯೊಂದನ್ನು ಆ ಹುಡುಗಿಗೇ ಕೇಳಿ ಎಂದರು.

ಗಾಳಿ ಮಿಸ್ ಕಿಟಕಿಯತ್ತ ಬೆರಳು ತೋರಿಸಿ, ಹಿಂದಿಯಲ್ಲಿ ಇದಕ್ಕೇನೆನ್ನುತ್ತಾರೆ ಎಂದರು. ಹುಡುಗಿ ತಲೆ ತಗ್ಗಿಸಿಕೊಂಡೇ ಏನೋ ಹೇಳಿದಳು. ತುಟಿ ಕಾಣಲಿಲ್ಲ. ಸರಿಯೋ, ತಪ್ಪೋ? ಶಭಾಷ್ ಎಂದುಬಿಟ್ಟರೆ ಇವತ್ತಿಗೆ ಗಂಡಾಂತರ ಕಳೆಯುತ್ತಿತ್ತು. ಆದರೆ ಹುಡುಗಿ ಮತ್ತೇನೋ ಗೊಣಗಿದಳು, ಈ ಸಲ ಅಳುತ್ತ. ಅಪ್ಪನ ದವಡೆ ಬಿಗಿಯಿತು.

ಚಾಕ್‌ಪೀಸ್ ಮೇಜಿನ ಮೇಲಿಟ್ಟು ಆಕೆ ಹೋಗಿ ಹುಡುಗಿಯ ಮುಂದೆ ಮಂಡಿಯೂರಿದರು.

“ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ ಪುಟ್ಟಿ. ನಿನ್ನೆ ನೀನು ಕರೆದಿದ್ದೂ ಕೇಳಿಸ್ಲಿಲ್ಲ. ತಪ್ಪು ನಂದು, ನಿಂದಲ್ಲ.”

ಹುಡುಗಿ ಮುಖ ಎತ್ತಿದಳು. “ಹಾಗಾದ್ರೆ ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ ಮಿಸ್?”

ಅಷ್ಟು ಹತ್ತಿರದಿಂದ ಅದು ಚೆನ್ನಾಗಿ ಕೇಳಿಸಿತು. ಇಲ್ಲವೆಂದು ತಲೆಯಾಡಿಸಿದರು.

ಅಪ್ಪ ಹೊರಟುಹೋದ. ಹೆಡ್‌ಮಿಸ್ ಬಿಡಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಕೋಣೆಗೆ ಕರೆಸಿ ಚೆನ್ನಾಗಿಯೇ ಬೈದರು, ತರಗತಿಯನ್ನು ಬೇರೆಯವರಿಗೆ ಒಪ್ಪಿಸಿದರು. ಕೆಲಸವೇನೋ ಉಳಿಯಿತು. ಕಲಿಕೆಯಲ್ಲಿ ಹಿಂದುಳಿದ ನಾಲ್ಕಾರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಿಸುವ ಕೆಲಸ. ಮೊದಮೊದಲು ಆಕೆಗೆ ತಲೆಯೆತ್ತಿ ಓಡಾಡುವುದೇ ಕಷ್ಟವಾಯಿತು.

ಆ ಹುಡುಗಿ ತಾನಾಗಿಯೇ ಬಂದು ಆ ಗುಂಪಿನಲ್ಲಿ ಕೂತಳು. ಹಿಂದಿಯಲ್ಲಿ ಯಾವ ವಸ್ತು ಗಂಡು, ಯಾವುದು ಹೆಣ್ಣು ಎಂಬ ಪಾಠ ನಡೆದ ದಿನ ಆಕೆಯ ಮೊಣಕೈ ಜಗ್ಗಿ, ಮುಖಕ್ಕೆ ಮುಖ ಕೊಟ್ಟು ಕೇಳಿದಳು:

“ಮೀಸೆ ಹೆಣ್ಣು ಅಂತ ಅಪ್ಪಂಗೆ ನಾನೇ ಹೇಳ್ಲಾ ಮಿಸ್, ನೀವೇ ಹೇಳ್ತೀರಾ?”