ಚಾಚಾರ ಸವಳು ನೀರು

ಮೊನ್ನೆ ಅಟ್ಟದಿಂದ ಇಳಿಸಿದ ಹಳೆಯ ಕ್ಯಾನಿನ ತಳದಲ್ಲಿ ಬಿಳಿ ಉಪ್ಪಿನ ಪೊರೆ ಕಚ್ಚಿಕೊಂಡಿತ್ತು. ನಾರು ಹಿಡಿದು ಉಜ್ಜಲು ಕುಳಿತೆ. ಉಪ್ಪು ಬೆರಳಿಗೆ ಹತ್ತಿದ್ದೇ ಹುಮನಾಬಾದಿನ ಚಾಚಾ ನೆನಪಾದರು...

ಎರಡು ಸಾವಿರದ ಇಸವಿ ದಾಟಿದ ಹೊಸತು. ಹುಮನಾಬಾದಿನ ಹೊರಗಿದ್ದ ಸಣ್ಣ ಬೀಜ ಪರೀಕ್ಷಾ ಕೇಂದ್ರದ ಹೊಣೆ ನನ್ನದಾಗಿತ್ತು. ಉಪ್ಪು ನೀರಲ್ಲೂ ಮೊಳೆಯಲೆಂದು ಬೇರೊಂದು ಗಿಡದ ವಂಶವಾಹಿ ಸೇರಿಸಿದ ತೊಗರಿ ಬೀಜ ನಮ್ಮಲ್ಲಿಗೆ ಬಂದಿತ್ತು. ಅದನ್ನೂ ಸಾದಾ ತೊಗರಿಯನ್ನೂ ಅಕ್ಕಪಕ್ಕದ ಟ್ರೇಗಳಲ್ಲಿ ಬಿತ್ತಿ, ಅಲ್ಲಿಯದೇ ಸವಳು ನೀರುಣಿಸಿ ನೋಡುವುದು ಕೆಲಸ. ಆ ನೀರು, ಎಲ್ಲರೂ ಚಾಚಾ ಎನ್ನುತ್ತಿದ್ದ ವಯಸ್ಸಾದ ರೈತರೊಬ್ಬರ ಬಾವಿಯದು. ದುಬಲಗುಂಡಿ ದಾರಿಯಲ್ಲಿದ್ದ ಅವರ ಹೊಲದ ಬಾವಿ ಉಪ್ಪಾಗಿತ್ತು. ಅದರ ನೀರು ಕುಡಿದ ನೆಲದಲ್ಲಿ ಬಿತ್ತಿದ್ದು ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದರು.

“ದನಾನೂ ಮುಟ್ಟಂಗಿಲ್ಲ ಈ ನೀರು. ನಿಮಗ ಶರಬತ್ ಆಗ್ಯಾದ ನೋಡ್ರಿ ಸಾಹೇಬ್ರ!”

ಗಡಿಯಾರ ನೋಡಿ ಬದುಕುವ ನನ್ನನ್ನು ಅವರು ಒಂದು ದಿನವೂ ಕಾಯಿಸಲಿಲ್ಲ.

ಒಂದು ಬೆಳಿಗ್ಗೆ ಸಾದಾ ತೊಗರಿ ಕೊಳೆತು ಹೋಗಿತ್ತು. ಪಕ್ಕದ ಟ್ರೇಯಲ್ಲಿ ಮೊಳಕೆಗಳು ತಲೆಯೆತ್ತಿದ್ದವು. ಚಾಚಾ ಬಾಗಿಲಲ್ಲೇ ನಿಂತು ನೋಡಿದರು.

“ನಮ್ಮ ಬಾವಿ ನೀರಾಗೇ ಎದ್ದಾವೇನ್ರಿ?”

“ಹೌದ್ರಿ ಚಾಚಾ.”

“ಹಂಗಾದ್ರ ಒಂದು ಹಿಡಿ ಬೀಜ ಕೊಡ್ರಿ. ಹೊಲಕ್ಕ ಹಾಕಿ ನೋಡ್ತೀನಿ.”

ಕೊಡುವಂತಿರಲಿಲ್ಲ. ಹೊರಗೆ ಬಿತ್ತಲು ಪರವಾನಗಿ ಇಲ್ಲದ ಬೀಜ. ಒಂದು ಕಾಳೂ ಗೇಟು ದಾಟಬಾರದು, ಪರೀಕ್ಷೆ ಮುಗಿದ ಮೇಲೆ ಸಸಿಗಳನ್ನೆಲ್ಲ ಸುಡಬೇಕು. ಹಾಗೆಂದು ಹೇಳಿದೆ. ಅವರು ಖಾಲಿ ಕ್ಯಾನು ಎತ್ತಿಕೊಂಡು ಸೈಕಲ್ ಹತ್ತಿ ಹೊರಟರು. ನಾಳೆ ಅವರು ಬಾರದಿದ್ದರೆ ಪರೀಕ್ಷೆ ಅಲ್ಲಿಗೇ ಕೆಡುತ್ತಿತ್ತು. ಬರಲೇಬೇಕೆನ್ನಲು ನನಗೆ ಯಾವ ಬಾಯಿ?

ಮರುದಿನ ಹೊತ್ತಿಗೆ ಸರಿಯಾಗಿ ಸೈಕಲ್ ಗಂಟೆ ಕೇಳಿಸಿತು.

“ಏನ್ ನೋಡಾಕತ್ತೀರಿ? ಕ್ಯಾನ್ ಇಳಸ್ಕೋರಿ. ಕೂಸುಗೋಳು ಉಪವಾಸ ಅದಾವ.”

ಸುಡುವ ದಿನ ಕರೆಯದಿದ್ದರೂ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡೇ ಬಂದರು. ಟೋಪಿ ಸರಿಪಡಿಸಿಕೊಂಡು ಗುಂಡಿಯ ಪಕ್ಕ ನಿಂತರು.

“ಇದನ್ನ ನೋಡಾಕ ಯಾಕ ಬಂದ್ರಿ ಚಾಚಾ?”

“ನನ್ನ ನೀರು ಕುಡದಾವ್ರಿ. ಕಳಸಾಕ ಬರಬಾರದೇನು?”

ಆ ಬೀಜ ಕೊನೆಗೂ ಯಾವ ಹೊಲಕ್ಕೂ ಬರಲಿಲ್ಲ... ನಾನು ಬಸವಕಲ್ಯಾಣಕ್ಕೆ ಬಂದು ನೆಲೆಸಿದೆ. ಚಾಚಾ ತೀರಿಕೊಂಡ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಅವರನ್ನು ಕಳಿಸಲು ನಾನಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಕಣ್ಣು ತುಂಬಿಸಿದ್ದು ಆ ಒಂದು ಟ್ರೇ ಹಸಿರು. ಅದಕ್ಕೆ ನೀರೆರೆದವರಿಗೆ ಅದರ ಒಂದು ಕಾಳೂ ದಕ್ಕಲಿಲ್ಲ, ಆದರೂ ಅವರು ನೀರು ನಿಲ್ಲಿಸಲಿಲ್ಲ.

ಈ ಕ್ಯಾನು ಅವರು ಅಂದು ಗುಂಡಿಯ ಬಳಿ ಬಿಟ್ಟುಹೋದದ್ದು. ಮನೆಯ ಯಾವ ಪಾತ್ರೆಯಲ್ಲೂ ಕಲೆ ಸಹಿಸದ ನಾನು ನಾರನ್ನು ಬದಿಗಿಟ್ಟು, ಉಪ್ಪಿನ ಸಮೇತ ಅದನ್ನು ಮತ್ತೆ ಅಟ್ಟಕ್ಕೇರಿಸಿದೆ.